ಮನೆಯೊಳಗಿನ ಗಾಳಿಗೆ ಪರೀಕ್ಷಕರಾರು?

ಬೆಂಗಳೂರಿನ ವಿಜಯನಗರದ ಮಗ್ಗುಲಿನ ಮಾರೇನಹಳ್ಳಿಯ ಅಡ್ಡರಸ್ತೆಗಳಲ್ಲಿ, ಕಿರಿದಾದ ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತುಗಳೆದ್ದು, ಕಿಟಕಿಯನ್ನು ತೆರೆದರೆ ನೆರೆಮನೆಯ ಗೋಡೆಯೇ ಎದುರಾಗುವ ಕಡೆ, ಒಗ್ಗರಣೆಯ ಘಾಟು, ಊದುಬತ್ತಿ ಸೊಳ್ಳೆಬತ್ತಿಗಳ ಹೊಗೆ, ಹೊಸ ಪ್ಲೈವುಡ್ ಸೂಸುವ ಫಾರ್ಮಾಲ್ಡಿಹೈಡ್, ಮಳೆಗಾಲದ ಬೂಷ್ಟು ಇವೆಲ್ಲವೂ ನಿರ್ಗಮನದ ಮಾರ್ಗವನ್ನು ಕಾಣದೆ ನಿವಾಸಿಗಳ ಶ್ವಾಸದಲ್ಲಿ ಬೆರೆಯುತ್ತವೆ. ಹೊರಗಾಳಿಯನ್ನು ಅಳೆಯಲು ಬಾಪೂಜಿನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವಿದೆ. ಸೂಕ್ಷ್ಮಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಕೂಡದೆಂದು 2009ರ ರಾಷ್ಟ್ರೀಯ ಮಾನಕವು ವಿಧಿಸಿದೆ. ಆ ಮಾನಕದ ಅಧಿಕಾರವು ಮನೆಯ ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತದೆ. ಒಳಗಾಳಿಯನ್ನು ಪರೀಕ್ಷಿಸುವಾತನಿಗೆ ಇಂಥ ಅರ್ಹತಾಪತ್ರ ಇರಲೇಬೇಕೆಂದು ನಮ್ಮಲ್ಲಿ ಯಾವ ಶಾಸನವೂ ಹೇಳುವುದಿಲ್ಲ.

ಆದಕಾರಣ ಅಂಗೈಯಗಲದ ಮಾಪಕವೊಂದನ್ನು ಕೊಂಡವನೂ ಪರೀಕ್ಷಕನೆನಿಸಿಕೊಳ್ಳಬಹುದು. ಬೆಳಕಿನ ಚದರಿಕೆಯಿಂದ ಧೂಳನ್ನು ಅಂದಾಜು ಮಾಡುವ ಅಗ್ಗದ ಮಾಪಕವು, ಜಡಿಮಳೆಯ ದಿನಗಳಲ್ಲಿ ತೇವವನ್ನು ಹೀರಿ ಉಬ್ಬಿದ ಕಣಗಳನ್ನು ಕಂಡು, ಇರುವುದಕ್ಕಿಂತ ಹೆಚ್ಚು ಧೂಳನ್ನು ತೋರಿಸುತ್ತದೆಂಬುದನ್ನೂ, ಇಂಗಾಲದ ಡೈಆಕ್ಸೈಡ್ ಏರಿದ್ದರೆ ಅದು ಬಹುಮಟ್ಟಿಗೆ ವಾಯುಸಂಚಾರದ ಕೊರತೆಯ ಸೂಚನೆಯೆಂಬುದನ್ನೂ ಅರಿಯದವನು ಬರೆದುಕೊಡುವ ವರದಿಯಿಂದ ಗೃಹಸ್ಥನಿಗೆ ಭಯವುಂಟಾದೀತೇ ವಿನಾ ಪ್ರಯೋಜನವಿಲ್ಲ.

ಜ್ಞಾನದಷ್ಟೇ ಮುಖ್ಯವಾದದ್ದು ನಿರ್ಲಿಪ್ತತೆ. ಕಾರ್ಖಾನೆಗಳ ವಿಷಯದಲ್ಲಿ ಇದನ್ನು ನಮ್ಮ ಶಾಸನಕಾರರು ಬಹು ಹಿಂದೆಯೇ ಕಂಡಿದ್ದರು: 1948ರ ಕಾರ್ಖಾನೆಗಳ ಕಾಯಿದೆಯ ಎಂಟನೆಯ ಪ್ರಕರಣವು, ಇನ್‌ಸ್ಪೆಕ್ಟರನಿಗೆ ನಿಯಮಿತ ವಿದ್ಯಾರ್ಹತೆಯನ್ನು ವಿಧಿಸಿದ್ದಲ್ಲದೆ, ಕಾರ್ಖಾನೆಯಲ್ಲಿಯಾಗಲಿ, ಅದಕ್ಕೆ ಸಂಬಂಧಿಸಿದ ಪೇಟೆಂಟು ಅಥವಾ ಯಂತ್ರಗಳಲ್ಲಿಯಾಗಲಿ ಹಿತಾಸಕ್ತಿಯುಳ್ಳವನನ್ನು ಆ ಹುದ್ದೆಗೆ ನೇಮಿಸಕೂಡದೆಂದು ನಿರ್ಬಂಧಿಸಿತ್ತು. ಎಂತಹ ದೂರದೃಷ್ಟಿ! ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿಯೂ ಬೂಷ್ಟನ್ನು ಪರೀಕ್ಷಿಸುವವನು ಪರವಾನಗಿ ಪಡೆಯಬೇಕು. ಒಂದೇ ಕೆಲಸದಲ್ಲಿ ಪರೀಕ್ಷೆಯನ್ನೂ ನಿವಾರಣೆಯನ್ನೂ ಒಬ್ಬನೇ ಕೈಗೊಳ್ಳುವಂತಿಲ್ಲ.

ನಮಗೆ ಮಾದರಿಯನ್ನು ಅಷ್ಟು ದೂರದಿಂದ ತರಬೇಕಾಗಿಯೂ ಇಲ್ಲ. 2001ರ ಇಂಧನ ಸಂರಕ್ಷಣಾ ಕಾಯಿದೆಯ ತರುವಾಯ ಇಂಧನ ದಕ್ಷತಾ ಬ್ಯೂರೋ ಏರ್ಪಡಿಸಿದ ರಾಷ್ಟ್ರೀಯ ಪರೀಕ್ಷೆಯಲ್ಲಿ, ಇಂಧನ ಲೆಕ್ಕಪರಿಶೋಧಕನಾಗಬಯಸುವವನು, ಎಂಜಿನಿಯರಿಂಗ್ ಪದವೀಧರನಾದರೆ ಮೂರು ವರ್ಷಗಳ ಅನುಭವವನ್ನು ಪಡೆದು, ನಾಲ್ಕು ಪತ್ರಿಕೆಗಳಲ್ಲಿ ತೇರ್ಗಡೆಯಾಗಬೇಕು. ಇದೇ ಕ್ರಮವನ್ನು ಒಳಗಾಳಿಯ ಪರೀಕ್ಷಕರಿಗೂ ಅನ್ವಯಿಸಿ, ರಸಾಯನವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನ, ವಾಯುಸಂಚಾರಗಳಲ್ಲಿ ಪರೀಕ್ಷೆಯನ್ನಿಟ್ಟು, ಗಾಳಿಶುದ್ಧಿಯ ಯಂತ್ರಗಳನ್ನು ಮಾರುವವರನ್ನು ಈ ವೃತ್ತಿಯಿಂದ ದೂರವಿಡಬೇಕೆಂಬುದು ನನ್ನ ದೃಢವಾದ ಅಭಿಮತ. ಅದಾಗುವವರೆಗೆ, ಮಾಪಕವನ್ನು ಹಿಡಿದು ಬಾಗಿಲಿಗೆ ಬಂದವರನ್ನು, ಇದರ ಕ್ಯಾಲಿಬ್ರೇಷನ್ ಪತ್ರವೆಲ್ಲಿ, ಪರೀಕ್ಷೆಯಾದ ಮೇಲೆ ತಾವು ಏನನ್ನಾದರೂ ಮಾರುವಿರಾ ಎಂದು ಮನೆಯವರೇ ಕೇಳಬೇಕು.