ಹೆಸರೇ ಇಲ್ಲದ ಯಜಮಾನ

ಲಿನಕ್ಸ್ ಕಂಪ್ಯೂಟರೊಂದರ ಫ್ಯಾನು ಬುಸುಗುಡುತ್ತಿದೆ. ಯಾವುದೋ ಪ್ರೋಗ್ರಾಮು ಸಿಪಿಯುವನ್ನು ಗಬಗಬ ತಿನ್ನುತ್ತಿದೆ. ಅದರ ಪ್ರೊಸೆಸ್ ನಂಬರು 4312 ಅಂತಿಟ್ಟುಕೊಳ್ಳಿ. ಯಾರದ್ದು ಇದು? ಖಾತೆ ಯಾರ ಹೆಸರಲ್ಲಿದೆ?

ಪತ್ತೆ ಮಾಡಲು ಎಷ್ಟು ಸಾಲು ಕೋಡ್ ಬೇಕು? ಊಹಿಸಿ! ನೂರು? ಐವತ್ತು? ಇರಿ, ಈಗಲೇ ಹೇಳಲಾರೆ. ಮೊದಲು ಒಂದು ಮಾಯಾಬಜಾರಿಗೆ ಹೋಗಿ ಬರೋಣ.

ಅದರ ಹೆಸರು /ಪ್ರಾಕ್. ಓಡುತ್ತಿರುವ ಪ್ರತಿ ಪ್ರೊಸೆಸ್ಸಿಗೂ ಇಲ್ಲೊಂದು ಫೋಲ್ಡರ್. ನಮ್ಮ 4312ಕ್ಕೂ ಇದೆ. ಒಳಗೆ ‘ಸ್ಟೇಟಸ್’ ಎಂಬ ಫೈಲು. ಅದರ ಸೈಜ್ ನೋಡಿ. ಸೊನ್ನೆ! ಖಾಲಿ ಅಂದುಕೊಂಡಿರಾ? ತೆರೆಯಿರಿ. ಪರದೆ ತುಂಬ ಸಾಲುಗಳು ಸುರಿಯುತ್ತವೆ!

ಗುಟ್ಟೇನು ಗೊತ್ತಾ? ಆ ಫೈಲು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಆ ಫೋಲ್ಡರೂ ಇಲ್ಲ. ನೀವು ಕೇಳಿದ ಕ್ಷಣ ಲಿನಕ್ಸಿನ ತಿರುಳಾದ ಕರ್ನಲ್ ಅದನ್ನು ಬರೆದು ಕೊಡುತ್ತದೆ. ಆರ್ಡರ್ ಕೊಟ್ಟ ಮೇಲೇ ಕಾವಲಿಗೆ ಬೀಳುವ ದೋಸೆ! ಪ್ರೊಸೆಸ್ಸುಗಳನ್ನು ಫೈಲುಗಳಂತೆ ತೋರಿಸುವ ಈ ಉಪಾಯವನ್ನು ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲೇ ಪ್ರಬಂಧವಾಗಿ ಮಂಡಿಸಿದ್ದರು.

ಆ ಫೋಲ್ಡರಿನ ಒಡೆಯ ಯಾರೋ, ಪ್ರೊಸೆಸ್ಸಿನ ಒಡೆಯನೂ ಅವನೇ. ಹಾಗಾದರೆ ಪೈಥಾನ್‌ನಲ್ಲಿ ‘ಸ್ಟ್ಯಾಟ್’ ಕರೆದು ಫೋಲ್ಡರಿನ ಒಡೆಯನನ್ನು ಕೇಳಿದರಾಯಿತು. ಸಿಕ್ಕಿದ್ದನ್ನು ‘ಗೆಟ್‌ಪಿಡಬ್ಲ್ಯುಯುಐಡಿ’ ಕೈಗೆ ಕೊಟ್ಟರಾಯಿತು. ಹೆಸರು ಹಾಜರ್!

ಎಷ್ಟು ಸಾಲಾಯಿತು? ಮೇಲಿನ ಎರಡು ಇಂಪೋರ್ಟ್ ಬಿಟ್ಟರೆ, ಒಂದೇ ಒಂದು!

ಆದರೆ ‘ಸ್ಟ್ಯಾಟ್’ ಕೈಗೆ ಕೊಟ್ಟದ್ದು ಏನನ್ನು? ಹೆಸರನ್ನೇ? ಅಲ್ಲ! ಒಂದು ಅಂಕಿಯನ್ನು. ಉಬುಂಟುವಿನಲ್ಲಿ ನೀವೇ ಮೊದಲ ಬಳಕೆದಾರರಾದರೆ ಆ ಅಂಕಿ 1000. ನಾವು ಅಷ್ಟು ಆಸೆಯಿಂದ ಇಟ್ಟುಕೊಂಡ ಯೂಸರ್‌ನೇಮ್ ಕರ್ನಲ್‌ಗೆ ಗೊತ್ತೇ ಇಲ್ಲ! ಹೆಸರು ಇರುವುದು /ಇಟಿಸಿ ಒಳಗಿನ ಒಂದು ಮಾಮೂಲಿ ಪಠ್ಯದ ಫೈಲಿನಲ್ಲಿ, ‘ಈ ನಂಬರಿಗೆ ಈ ಹೆಸರು’ ಎಂಬ ಪಟ್ಟಿಯಾಗಿ. ಸರ್ವಾಧಿಕಾರಿ ಖಾತೆ ‘ರೂಟ್’ ಎಂದರೆ ಎಲ್ಲರೂ ನಡುಗುತ್ತಾರಲ್ಲ, ಆ ನಾಲ್ಕಕ್ಷರದ ಇಂಗ್ಲಿಷ್ ಪದಕ್ಕೆ ಕಿಲುಬು ಕಾಸಿನ ಬೆಲೆಯೂ ಇಲ್ಲ. ದರ್ಬಾರೆಲ್ಲ ಅದರ ನಂಬರಿನದು. ಆ ನಂಬರು? ಸೊನ್ನೆ!

ಇಷ್ಟಕ್ಕೇ ಬೆರಗಾದಿರಾ? ನನಗೆ ನಿಜವಾಗಿ ನಿದ್ದೆ ಕೆಡಿಸಿದ್ದು ಮುಂದಿನದು.

ಆ ಸ್ಟೇಟಸ್ ಫೈಲಿನಲ್ಲಿ ‘ಯುಐಡಿ’ (ಬಳಕೆದಾರನ ನಂಬರು) ಎಂಬ ಸಾಲಿದೆ. ಒಡೆಯ ಒಬ್ಬನೇ ತಾನೇ? ಅಂದಮೇಲೆ ಅಲ್ಲಿ ಎಷ್ಟು ಅಂಕಿ ಇರಬೇಕು?

ನಾಲ್ಕು!

ನೀವೇ ಮಾಡಿ ನೋಡಿ. ಒಂದು ಕಿಟಕಿಯಲ್ಲಿ ಪಾಸ್‌ವರ್ಡ್ ಬದಲಿಸುವ ಕಮಾಂಡ್ ಕೊಡಿ. ಹಳೆಯ ಪಾಸ್‌ವರ್ಡ್ ಕೇಳುತ್ತದೆ. ಉತ್ತರ ಕೊಡಬೇಡಿ, ಕಾಯಲಿ ಪಾಪ. ಇನ್ನೊಂದು ಕಿಟಕಿಯಲ್ಲಿ ಅದರ ಯುಐಡಿ ಸಾಲು ಓದಿ. 1000, 0, 0, 0! ಶುರು ಮಾಡಿದ್ದು ನೀವು. ಅದಕ್ಕೇ ಮೊದಲ ಅಂಕಿ ನಿಮ್ಮದು. ಎರಡನೆಯದು ಈ ಕ್ಷಣ ಯಾರ ಅಧಿಕಾರ ನಡೆಯುತ್ತಿದೆ ಎಂಬುದು. ಅದು ರೂಟ್‌ನದು! ಕೂತಿರುವುದು ಕಾರಕೂನ, ಒತ್ತುತ್ತಿರುವುದು ತಹಶೀಲ್ದಾರರ ಮೊಹರು. (ಉಳಿದೆರಡರಲ್ಲಿ ಒಂದು ಜೋಪಾನವಾಗಿ ಎತ್ತಿಟ್ಟ ಗುರುತು, ಇನ್ನೊಂದು ಫೈಲು ಮುಟ್ಟುವಾಗ ನೋಡುವ ಗುರುತು. ಅವು ಸಾಮಾನ್ಯವಾಗಿ ನಮ್ಮ ತಂಟೆಗೆ ಬರುವುದಿಲ್ಲ.)

ನಮ್ಮ ಒಂದು ಸಾಲಿನ ಕೋಡು ಇಲ್ಲಿ ಏನನ್ನುತ್ತದೆ ಹೇಳಿ! ‘ರೂಟ್’ ಅನ್ನುತ್ತದೆ. ಶುರು ಮಾಡಿದ ನಿಮ್ಮ ಸುಳಿವೇ ಇಲ್ಲ! ಯಾರು ಶುರು ಮಾಡಿದರು ಎಂಬುದೇ ಬೇಕಿದ್ದರೆ ಸ್ಟೇಟಸ್ ಫೈಲಿನ ಆ ಮೊದಲ ಅಂಕಿಯನ್ನೇ ಓದಬೇಕು.

ಈ ಮೊಹರಿನ ಉಪಾಯ ಯಾರದ್ದು? ಸಿ ಭಾಷೆಯನ್ನು ಕಟ್ಟಿದ ಅದೇ ಡೆನಿಸ್ ರಿಚಿಯದು. 1973ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1979ರಲ್ಲಿ ಸಿಕ್ಕಿತು. ಪಾಸ್‌ವರ್ಡ್ ಬದಲಿಸುವಾಗೆಲ್ಲ ಇವತ್ತಿಗೂ ಅದೇ ಕೆಲಸಕ್ಕೆ ಬರುತ್ತದೆ!

ಈಗ ಕೊನೆಯ ಸವಾಲು. /ಇಟಿಸಿಯ ಆ ಹೆಸರಿನ ಪಟ್ಟಿಯಲ್ಲಿ ಇಲ್ಲದ ನಂಬರು ಒಡೆಯನಾದರೆ? ಡಾಕರ್ ಕಂಟೇನರೊಂದನ್ನು 4242 ಎಂಬ ನಂಬರಿನಲ್ಲಿ ಓಡಿಸಿದೆ. ಆ ಪಟ್ಟಿಯಲ್ಲಿ 4242 ಇರಲಿಲ್ಲ. ಪ್ರೊಸೆಸ್ ನಿಲ್ಲುತ್ತದೆ ಅಂದುಕೊಂಡಿರಾ? ಎಲ್ಲಿಯ ಮಾತು! ಆರಾಮಾಗಿ ಓಡಿತು. ಎಡವಿದ್ದು ನನ್ನ ಕೋಡೇ, ‘ಕೀಎರರ್’ ಅಂತ. ಅದನ್ನು ‘ಟ್ರೈ’ ಒಳಗೆ ಕೂರಿಸಿ, ಹೆಸರು ಸಿಗದಿದ್ದರೆ ಅಂಕಿಯನ್ನೇ ತೋರಿಸು ಎಂದು ತಿದ್ದಿದೆ.

ಆಮೇಲೆ ಆ ಕಂಟೇನರಿನೊಳಗೆ, ಕಮಾಂಡ್ ಸ್ವೀಕರಿಸುವ ಬ್ಯಾಷ್ ತೆರೆದೆ. ಬಳಕೆದಾರನ ಹೆಸರು ಬರುವ ಜಾಗದಲ್ಲಿ ಅದು ಏನು ಬರೆದುಕೊಂಡಿತ್ತು ಗೊತ್ತಾ?

‘ಐ ಹ್ಯಾವ್ ನೋ ನೇಮ್!’

ಆಶ್ಚರ್ಯಸೂಚಕ ಚಿಹ್ನೆ ನಾನು ಹಾಕಿದ್ದಲ್ಲ. ಅದೂ ಬ್ಯಾಷ್‌ನದೇ!