ಮದುವೆ ವಿಡಿಯೋದಿಂದ ಮರಳಿದ ದನಿ

ಒಬ್ಬ ಮಹಿಳೆಗೆ ಸ್ಟ್ರೋಕ್ ಆಗಿ 18 ವರ್ಷದಿಂದ ಮಾತು ಬಿದ್ದುಹೋಗಿತ್ತು. 2023ರಲ್ಲಿ ಕಂಪ್ಯೂಟರ್ ಆಕೆಯದೇ ದನಿಯಲ್ಲಿ ಮಾತಾಡಿತು. ದನಿ ಸಿಕ್ಕಿದ್ದೆಲ್ಲಿ? ಆಕೆಯ ಮದುವೆ ವಿಡಿಯೋದಲ್ಲಿ!

ಸ್ಯಾನ್ ಫ್ರಾನ್ಸಿಸ್ಕೋದ ನರಶಸ್ತ್ರತಜ್ಞ ಎಡ್ವರ್ಡ್ ಚಾಂಗ್ ತಂಡ ಆಕೆಯ ಮಿದುಳಿನ ಮೇಲೆ ಹಾಸಿದ್ದು ಕಾಗದದಷ್ಟು ತೆಳುವಾದ ಹಾಳೆ. ಅದರಲ್ಲಿ 253 ಎಲೆಕ್ಟ್ರೋಡ್.

ಮನಸ್ಸು ಓದೋ ಯಂತ್ರ ಅಂದ್ಕೋಬೇಡಿ. ದನಿ ಬರದಿದ್ರೂ ಆಕೆ ಮಾತಾಡೋಕೆ ಪ್ರಯತ್ನಿಸ್ಬೇಕಿತ್ತು. ತುಟಿ, ನಾಲಗೆಗೆ ಮಿದುಳು ಕಳಿಸೋ ಆಜ್ಞೆಯನ್ನ ಎಐ ಹಿಡಿಯುತ್ತಿತ್ತು. ಅದು ಕಲಿತದ್ದು ಇಂಗ್ಲಿಷಿನ 39 ಧ್ವನಿಗಳನ್ನ. ಕಾಗುಣಿತ ಬಂದ್ರೆ ಯಾವ ಪದನಾದ್ರೂ ಓದ್ಬಹುದಲ್ಲ, ಹಾಗೆ.

2023ರಲ್ಲೇ ನಿಮಿಷಕ್ಕೆ 78 ಪದ. ಆದ್ರೆ ಒಂದೊಂದು ವಾಕ್ಯಕ್ಕೂ ಸುಮಾರು 8 ಸೆಕೆಂಡ್ ಕಾಯ್ಬೇಕಿತ್ತು. ಹೀಗಾದ್ರೆ ಹರಟೆ ಹೊಡೆಯೋದು ಹೇಗೆ? 2025ರ ಹೊತ್ತಿಗೆ, ಸುಮಾರು ಒಂದೇ ಸೆಕೆಂಡಿಗೆ ಮಾತು ಶುರು!