ಕಿವಿಗೆ ಸಿಗದ ಕಳ್ಳತನ ಕಂಪ್ಯೂಟರಿಗೆ ಸಿಕ್ಕಿತು

ನಮ್ಮ ಹರಿಹರದಲ್ಲಿ ಪಿಯಾನೊ ಇರುವ ಮನೆಯನ್ನು ನಾನಂತೂ ನೋಡಿಲ್ಲ. ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ದೊಡ್ಡಪ್ಪನ ಮಗನೇ ನನಗೆ ಗೊತ್ತಿರುವ ದೊಡ್ಡ ಕಲಾವಿದ. ಆದರೂ ಈ ಸೆಮಿಸ್ಟರ್ ಪೂರ್ತಿ ಇಂಗ್ಲೆಂಡಿನ ಒಬ್ಬ ಪಿಯಾನೊ ವಾದಕಿ ನನ್ನ ತಲೆಯಲ್ಲಿ ಕೂತಿದ್ದಾರೆ. ದಾವಣಗೆರೆಯ ಕಾಲೇಜಿನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಪಾಠ ಮಾಡುವಾಗ, ‘ಕೋರಿಲೇಷನ್ ಕಲಿತು ಏನು ಮಾಡೋದು ಸರ್’ ಎಂದು ಹಿಂದಿನ ಬೆಂಚಿನವರು ಕೇಳಿದ್ದಕ್ಕೆ ಮೇಷ್ಟ್ರು ಆಕೆಯ ಕಥೆ ಹೇಳಿದರು. ಹೆಸರು ಜಾಯ್ಸ್ ಹ್ಯಾಟೊ.

1928ರಲ್ಲಿ ಹುಟ್ಟಿದ ಹ್ಯಾಟೊ ಸಾಧಾರಣ ಹೆಸರಿದ್ದ ವಾದಕಿ. 1976ರ ಹೊತ್ತಿಗೆ ವೇದಿಕೆ ಬಿಟ್ಟರು. ಆಮೇಲೆ, ವಯಸ್ಸು ಎಪ್ಪತ್ತು ದಾಟಿದ ಮೇಲೆ, ಆಕೆಯ ಹೆಸರಿನಲ್ಲಿ ಸಾಲುಸಾಲಾಗಿ ಸಿ.ಡಿ.ಗಳು ಹೊರಬಂದವು. ನೂರಕ್ಕೂ ಹೆಚ್ಚು! ಬಿಥೋವನ್, ಶೋಪನ್, ಲಿಸ್ಟ್, ರಾಕ್ಮನಿನಾಫ್ ಯಾರನ್ನೂ ಬಿಡಲಿಲ್ಲ. ಪ್ರಕಟಿಸುತ್ತಿದ್ದುದು ಗಂಡ ವಿಲಿಯಂ ಬ್ಯಾರಿಂಗ್ಟನ್-ಕೂಪ್ ಅವರ ‘ಕನ್ಸರ್ಟ್ ಆರ್ಟಿಸ್ಟ್’ ಎಂಬ ಸಣ್ಣ ಕಂಪನಿ. ಕ್ಯಾನ್ಸರ್ ಜೊತೆ ಹೋರಾಡುತ್ತಾ ಇಷ್ಟೆಲ್ಲ ನುಡಿಸಿದ ಮುದುಕಿ ಎಂದು ವಿಮರ್ಶಕರು ಕರಗಿಹೋದರು. 2006ರಲ್ಲಿ ಆಕೆ ತೀರಿಕೊಂಡಾಗ ದೊಡ್ಡ ಪತ್ರಿಕೆಗಳು ಗೌರವದಿಂದ ಬರೆದವು.

ಮರುವರ್ಷದ ಫೆಬ್ರವರಿಯಲ್ಲಿ ಎಲ್ಲ ಬಯಲಾಯಿತು. ಅಮೆರಿಕದ ಒಬ್ಬ ಕೇಳುಗ ಆಕೆಯ ಲಿಸ್ಟ್ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಾಗ ಐಟ್ಯೂನ್ಸ್ ಪರದೆಯ ಮೇಲೆ ಹ್ಯಾಟೊ ಹೆಸರು ಬರಲಿಲ್ಲ, ಲಾಸ್ಲೊ ಸೈಮನ್ ಎಂಬ ಬೇರೊಬ್ಬ ವಾದಕನ ಹೆಸರು ಬಂತು. ಎಂಜಿನಿಯರಿಂಗ್ ಓದುವ ನಮಗೆ ಮಜಾ ಇರುವುದು ಇಲ್ಲೇ. ಆಡಿಯೊ ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರೇ ಇರುವುದಿಲ್ಲ. ಯಾವ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಮಾತ್ರ ಇರುತ್ತದೆ, ಅದೂ ಸೆಕೆಂಡಿನ 75ನೇ ಒಂದು ಭಾಗದ ಲೆಕ್ಕದಲ್ಲಿ. ಐಟ್ಯೂನ್ಸ್ ಬಳಸುತ್ತಿದ್ದ ಗ್ರೇಸ್‌ನೋಟ್ ಡೇಟಾಬೇಸ್ ಆ ಉದ್ದಗಳನ್ನು ಹೋಲಿಸಿ ಹೆಸರು ಹೇಳುತ್ತಿತ್ತು. ಅದು ಸಂಗೀತ ಕೇಳಲೇ ಇಲ್ಲ. ಹಾಗಾಗಿಯೇ ಮುದುಕಿಯ ಕಥೆಗೆ ಮರುಳಾಗಲೂ ಇಲ್ಲ.

ಆತ ವಿಮರ್ಶಕ ಜೆಡ್ ಡಿಸ್ಟ್ಲರ್‌ಗೆ ತಿಳಿಸಿದ. ವಿಷಯ ‘ಗ್ರಾಮಫೋನ್’ ಪತ್ರಿಕೆಗೆ ಹೋಯಿತು. ಆಡಿಯೊ ತಜ್ಞ ಆಂಡ್ರ್ಯೂ ರೋಸ್ ಎರಡೂ ಸಿ.ಡಿ.ಗಳ ತರಂಗಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಹನ್ನೆರಡು ರಚನೆಗಳಲ್ಲಿ ಹತ್ತು ಸೈಮನ್ ಅವರದೇ. ಇನ್ನೊಂದು ಜಪಾನಿನ ಮಿನೊರು ನೊಜಿಮಾ ಅವರದು. ಕಾರ್ಲೊ ಗ್ರಾಂಟೆ ಎಂಬುವರ ಒಂದು ರೆಕಾರ್ಡಿಂಗನ್ನು ಸುಮಾರು ಶೇ 15ರಷ್ಟು ನಿಧಾನ ಮಾಡಿ ಹ್ಯಾಟೊ ಹೆಸರು ಅಂಟಿಸಲಾಗಿತ್ತು. ಹಳೆಯ ಟೇಪ್ ನಿಧಾನ ಮಾಡಿದರೆ ಶ್ರುತಿಯೂ ಇಳಿದು ಕಳ್ಳತನ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಶ್ರುತಿ ಹಾಗೇ ಉಳಿಸಿ ವೇಗ ಮಾತ್ರ ಬದಲಿಸಬಹುದು.

ಇದೇ ಹೊತ್ತಿಗೆ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನಲ್ಲಿ ನಿಕೊಲಸ್ ಕುಕ್ ಮತ್ತು ಕ್ರೇಗ್ ಸ್ಯಾಪ್ ಬೇರೆಯೇ ಕೆಲಸದಲ್ಲಿದ್ದರು. ಶೋಪನ್‌ನ ಮಜುರ್ಕಾಗಳನ್ನು ಯಾರ‍್ಯಾರು ಹೇಗೆ ನುಡಿಸುತ್ತಾರೆ ಎಂದು ಒಂದೊಂದು ತಾಳದ ಸಮಯ ಅಳೆಯುತ್ತಿದ್ದರು. ಹ್ಯಾಟೊ ಮತ್ತು ಯೂಜಿನ್ ಇಂಜಿಕ್ ಅವರ ಅಂಕಿಗಳು ಹೆಚ್ಚುಕಡಿಮೆ ಒಂದೇ ಬಂದವು. ಇಬ್ಬರು ಮನುಷ್ಯರು ಹಾಗೆ ನುಡಿಸಲು ಸಾಧ್ಯವೇ ಇಲ್ಲ.

ಒಬ್ಬನೇ ಮನುಷ್ಯನಿಗಾದರೂ ಸಾಧ್ಯವೇ? ಅಣ್ಣನ ಕೈಲಿ ಒಂದೇ ಟ್ಯೂನನ್ನು ಎರಡು ಸಲ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಆಡಾಸಿಟಿಯಲ್ಲಿ ತಾಳಗಳಿಗೆ ಗುರುತು ಹಾಕುತ್ತಾ ಕೂತರೆ ಒಂದು ಭಾನುವಾರ ಪೂರ್ತಿ ಹೋಯಿತು. ಮೊದಲ ರೆಕಾರ್ಡಿಂಗನ್ನೇ ಶೇ 15ರಷ್ಟು ನಿಧಾನ ಮಾಡಿ ಹೋಲಿಸಿದಾಗ ಪ್ರತಿ ತಾಳದ ಅನುಪಾತವೂ ಒಂದೇ, ಗೆರೆ ಎಳೆದ ಹಾಗೆ. ಎರಡನೇ ಸಲ ನುಡಿಸಿದ್ದರ ಜೊತೆ ಹೋಲಿಸಿದರೆ ಗೆರೆ ಹಳ್ಳದಿಣ್ಣೆ ರಸ್ತೆಯ ಹಾಗಿತ್ತು. ಅಣ್ಣನಿಗೆ ತೋರಿಸಿದೆ. ‘ಎರಡು ಸಲಾನೂ ಒಂದೇ ಥರ ಬಾರಿಸಿದ್ನಲ್ಲೋ’ ಎಂದು ಮುನಿಸಿಕೊಂಡ.

ಈ ಕಥೆಗೆ ನಮ್ಮ ಕರ್ನಾಟಕದ ಒಂದು ಎಳೆಯೂ ಇದೆ. ಹ್ಯಾಟೊ ಹೆಸರಿನ ರಾಕ್ಮನಿನಾಫ್ ಮೂರನೇ ಕನ್ಸರ್ಟೊದ ಹೊದಿಕೆಯ ಮೇಲೆ ರೆನೆ ಕೋಹ್ಲರ್ ಎಂಬ ನಿರ್ದೇಶಕನ ಹೆಸರಿತ್ತು. ಅಂಥ ಮನುಷ್ಯನೇ ಇರಲಿಲ್ಲ. ನಿಜವಾಗಿ ಪಿಯಾನೊ ನುಡಿಸಿದ್ದು ಯೆಫಿಮ್ ಬ್ರಾನ್ಫ್‌ಮನ್, ಜೊತೆಗಿದ್ದದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಆ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾಗಿದ್ದವರು ಮೈಸೂರಿನ ಜಯಚಾಮರಾಜ ಒಡೆಯರ್! ಲಂಡನ್ನಿನಲ್ಲಿ ಕಾಯಿಲೆಯಿಂದ ನರಳುತ್ತಿದ್ದ ರಷ್ಯದ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರೂ ಅವರೇ. ಮೆಟ್ನರ್ ತನ್ನ ಮೂರನೇ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ.

ಬ್ರಾನ್ಫ್‌ಮನ್ ರೆಕಾರ್ಡಿಂಗ್ ಬಂದಾಗ ಅಷ್ಟೇನೂ ಮೆಚ್ಚದಿದ್ದ ವಿಮರ್ಶಕರೊಬ್ಬರು, ಅದೇ ಧ್ವನಿ ಹ್ಯಾಟೊ ಹೆಸರಿನಲ್ಲಿ ಬಂದಾಗ ಹೊಗಳಿದರು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಹೊಟ್ಟೆ ಉರಿಸಿದ್ದು ಇದು.

ಗಂಡ ಮೊದಲು ಅಲ್ಲಗಳೆದರು. ಆಮೇಲೆ, ಸೈಮನ್ ರೆಕಾರ್ಡಿಂಗ್ ಹೊರತಂದಿದ್ದ ಬಿಸ್ ಕಂಪನಿಯ ರಾಬರ್ಟ್ ಫಾನ್ ಬಾರ್‌ಗೆ ಪತ್ರ ಬರೆದು ಒಪ್ಪಿಕೊಂಡರು. ಹೆಂಡತಿ ನುಡಿಸುವಾಗ ನೋವಿನಿಂದ ನರಳುವ ಸದ್ದು ಬರುತ್ತಿತ್ತು, ಅದನ್ನು ಮುಚ್ಚಲು ಬೇರೆಯವರ ತುಣುಕು ಸೇರಿಸಿದೆ, ಹಾಗೇ ಬೆಳೆಯಿತು ಎಂಬುದು ಅವರ ಮಾತು. ತೇಪೆ ಹಾಕುವುದಕ್ಕೂ ಇಡೀ ಅಂಗಿ ಕದಿಯುವುದಕ್ಕೂ ವ್ಯತ್ಯಾಸವಿಲ್ಲವೇ? ಇಲ್ಲದ ನಿರ್ದೇಶಕನಿಗೆ ಜೀವನಚರಿತ್ರೆ ಬರೆದದ್ದು ಯಾವ ನೋವಿಗೆ? ಫಾನ್ ಬಾರ್ ಮಾತ್ರ ಕೋರ್ಟಿಗೆ ಹೋಗಲಿಲ್ಲ. ಬ್ಯಾರಿಂಗ್ಟನ್-ಕೂಪ್ 2014ರಲ್ಲಿ ತೀರಿಕೊಂಡರು.

ಕ್ಲಾಸಿನಲ್ಲಿ ಈ ಕಥೆ ಕೇಳಿ ಎಲ್ಲರೂ ನಕ್ಕರು, ಒಬ್ಬಳು ಗೆಳತಿ ಬಿಟ್ಟು. ಅವಳು ಬರೆದ ಮಿನಿ ಪ್ರಾಜೆಕ್ಟ್ ಕೋಡ್ ಬೇರೊಬ್ಬನ ರೆಸ್ಯೂಮೆಯಲ್ಲಿ ಅವನದೇ ಕೆಲಸವಾಗಿ ಕೂತಿತ್ತು. ಇಂಟರ್ನ್‌ಶಿಪ್ ಪಟ್ಟಿಯಲ್ಲಿ ಅವನ ಹೆಸರಿತ್ತು, ಇವಳದಿರಲಿಲ್ಲ. ಫೈಲುಗಳ ಹೆಸರು, ಬಣ್ಣ ಎಲ್ಲ ಬದಲಿಸಿದ್ದ. ಸಂಜೆ ಹರಿಹರದ ಬಸ್ಸಿಗೆ ಕಾಯುತ್ತಾ ಇಬ್ಬರೂ ಎರಡೂ ಕೋಡ್‌ಗಳನ್ನು ಸಾಲು ಸಾಲಾಗಿ ನೋಡಿದೆವು. ‘ಥ್ರೆಶೋಲ್ಡ್’ ಪದದ ಸ್ಪೆಲಿಂಗಿನಲ್ಲಿ ಅವಳು ಯಾವಾಗಲೂ ಒಂದು ಎಚ್ ಹೆಚ್ಚಿಗೆ ಹಾಕುತ್ತಾಳೆ. ಅವನ ಕೋಡಿನಲ್ಲೂ ಅದೇ ಎಚ್, ಹದಿನಾಲ್ಕು ಕಡೆ. ‘ಇದು ನನ್ನ ತಾಳ’ ಎಂದು ಪ್ರಿಂಟ್ ತೆಗೆಸಿಕೊಂಡಿದ್ದಾಳೆ. ಸೋಮವಾರ ಎಚ್‌ಒಡಿ ಹತ್ತಿರ ಹೋಗುತ್ತಿದ್ದೇವೆ.